ಉಷ್ಣವು ಅಡಗಿದ್ದೆಲ್ಲಿ?

ಕರಗುತ್ತಿರುವ ಮಂಜುಗಡ್ಡೆಗೆ ಎಡೆಬಿಡದೆ ಉಷ್ಣ ದೊರೆಯುತ್ತಿದ್ದರೂ ಅದರ ತಾಪವು ಏರುವುದಿಲ್ಲವೇಕೆ? ಪ್ರೌಢಶಾಲೆಯ ಭೌತಶಾಸ್ತ್ರ ಪರೀಕ್ಷೆಗಳಿಗೆ ಈ ಪ್ರಶ್ನೆ ಹಳೆಯ ನೆಂಟನಂತೆ ಮತ್ತೆ ಮತ್ತೆ ಬರುತ್ತದೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಯ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಆ ಉಷ್ಣವು ಗುಪ್ತೋಷ್ಣವಾಗಿ ಹೀರಲ್ಪಡುತ್ತದೆ. ಅಂಕವೇನೋ ಸಿಗುತ್ತದೆ, ಉತ್ತರ ಸಿಕ್ಕಿತೆ? ಉಷ್ಣವೇಕೆ ಕಾಣೆಯಾಯಿತೆಂದು ಕೇಳಿದರೆ, ಅದು ಕಾಣೆಯಾಗುವ ಜಾತಿಯ ಉಷ್ಣವೆಂದು ಹೇಳಿದಂತಾಯಿತು. ಕಾರಣ ಇರಬೇಕಾದ ಸ್ಥಾನದಲ್ಲಿ ಹೆಸರೊಂದು ಕುಳಿತಿದೆ.

ಆ ಹೆಸರಿನ ಹುಟ್ಟನ್ನು ತಿಳಿದರೆ ಗೊಂದಲ ಅರ್ಧ ಕರಗೀತು. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದ ಜೋಸೆಫ್ ಬ್ಲ್ಯಾಕ್ 1761ರ ಸುಮಾರಿಗೆ ಒಂದೇ ಅಳತೆಯ ಎರಡು ಗಾಜಿನ ಪಾತ್ರೆಗಳನ್ನು ವಿಶಾಲವಾದ ಕೋಣೆಯೊಂದರಲ್ಲಿ ತೂಗುಹಾಕಿದನು. ಒಂದರಲ್ಲಿ ಮಂಜುಗಡ್ಡೆ, ಇನ್ನೊಂದರಲ್ಲಿ ಅಷ್ಟೇ ತೂಕದ, ಹೆಪ್ಪುಗಟ್ಟುವ ಅಂಚಿನಲ್ಲಿದ್ದ ನೀರು. ಕೋಣೆಯ ತಾಪ 47 ಡಿಗ್ರಿ ಫ್ಯಾರನ್‌ಹೀಟ್. ಆ ಮಾಪನದಲ್ಲಿ ನೀರು ಹೆಪ್ಪುಗಟ್ಟುವುದು 32ರಲ್ಲಿ. ತಣ್ಣೀರು ಅರ್ಧ ಗಂಟೆಯಲ್ಲಿ 40 ಡಿಗ್ರಿ ತಲಪಿತು. ಮಂಜುಗಡ್ಡೆ ಕರಗಿ ಅದೇ 40 ಡಿಗ್ರಿ ತಲಪಲು ಹತ್ತೂವರೆ ಗಂಟೆ ಹಿಡಿಯಿತು. ಕೋಣೆಯ ಗಾಳಿ ಎರಡಕ್ಕೂ ಒಂದೇ ವೇಗದಲ್ಲಿ ಉಷ್ಣವನ್ನು ಕೊಡುತ್ತಿತ್ತೆಂದು ಎಣಿಸಿದರೆ, ಮಂಜುಗಡ್ಡೆಗೆ ಸಂದ ಉಷ್ಣದ ಬಹುಭಾಗ ತಾಪಮಾಪಕದ ಕಣ್ಣಿಗೆ ಬೀಳಲೇ ಇಲ್ಲ. ಬ್ಲ್ಯಾಕನ ಲೆಕ್ಕದಂತೆ ಆ ಕಾಣದ ಪಾಲು ಅಷ್ಟೇ ತೂಕದ ನೀರನ್ನು ಸುಮಾರು 140 ಫ್ಯಾರನ್‌ಹೀಟ್ ಡಿಗ್ರಿಗಳಷ್ಟು ಕಾಯಿಸಲು ಸಾಕಾಗುತ್ತಿತ್ತು. ಇಂದಿನ ಅಳತೆ 144. ಗಡಿಯಾರ, ತಾಪಮಾಪಕ, ತಾಳ್ಮೆ ಇವಿಷ್ಟರಿಂದಲೇ ಇಷ್ಟು ಸಮೀಪದ ಫಲ ದೊರೆತದ್ದು ಸಾಮಾನ್ಯವಲ್ಲ.

ಕರಗಲು ಅಲ್ಪ ಉಷ್ಣವೇ ಸಾಕಾಗಿದ್ದರೆ ವಸಂತದಲ್ಲಿ ಬೆಟ್ಟಗಳ ಹಿಮವೆಲ್ಲ ಒಮ್ಮೆಗೇ ನೀರಾಗಿ ನಾಡನ್ನು ಕೊಚ್ಚಿಕೊಂಡು ಹೋಗಬೇಕಾಗಿತ್ತು ಎಂಬ ವಾದವನ್ನೂ ಅವನು ಮುಂದಿಟ್ಟನು. ಹಾಗಾಗುವುದಿಲ್ಲ, ಹಿಮ ವಾರಗಟ್ಟಲೆ ಕರಗುತ್ತದೆ.

ಬ್ಲ್ಯಾಕನ ಕಾಲದಲ್ಲಿ ಉಷ್ಣವೆಂದರೆ ಪದಾರ್ಥಗಳೊಳಗೆ ಸೇರಿಕೊಳ್ಳುವ ಒಂದು ಸೂಕ್ಷ್ಮ ದ್ರವವೆಂಬ ನಂಬಿಕೆ ಪ್ರಬಲವಾಗಿತ್ತು. ದ್ರವವಾದರೆ ಅಡಗಿಕೊಳ್ಳಬಹುದು. ಆದ್ದರಿಂದಲೇ 'ಗುಪ್ತ'. ಹತ್ತೊಂಬತ್ತನೆಯ ಶತಮಾನದಲ್ಲಿ ಆ ದ್ರವ ವಿಜ್ಞಾನದಿಂದ ನಿರ್ಗಮಿಸಿತು. ಹೆಸರು ಮಾತ್ರ ಪಠ್ಯಪುಸ್ತಕದಲ್ಲಿ ಉಳಿಯಿತು. ಈಗಿನ ಮಾತು ಆಂತರಿಕ ಶಕ್ತಿಯದು. ಪದಾರ್ಥದ ಅಣುಗಳು ಚಲಿಸುತ್ತಿರುವುದರಿಂದ ಅವಕ್ಕೆ ಚಲನಶಕ್ತಿಯಿದೆ. ಒಂದನ್ನೊಂದು ಸೆಳೆದು ಹಿಡಿದಿರುವುದರಿಂದ ಪ್ರಚ್ಛನ್ನ ಶಕ್ತಿಯಿದೆ. ಎರಡರ ಮೊತ್ತವೇ ಆಂತರಿಕ ಶಕ್ತಿ. ತಾಪಮಾಪಕವು ಚಲನದ ಸುದ್ದಿಯನ್ನು ಮಾತ್ರ ಹೇಳಬಲ್ಲದು. ಮಂಜುಗಡ್ಡೆ ಕರಗುವಾಗ ದೊರೆತ ಶಕ್ತಿಯು ಅಣುಗಳ ಬಿಗಿಹಿಡಿತವನ್ನು ಸಡಿಲಿಸುವುದಕ್ಕೆ ವ್ಯಯವಾಗುತ್ತದೆ; ಓಟದ ವೇಗ ಹೆಚ್ಚುವುದಿಲ್ಲ. ಉಷ್ಣ ಎಲ್ಲಿಯೂ ಅಡಗಿಲ್ಲ. ಅದು ಕೆಲಸ ಮಾಡಿದೆ, ಮತ್ತು ನೀರು ಮರಳಿ ಹೆಪ್ಪುಗಟ್ಟುವಾಗ ಅಷ್ಟೂ ಹಿಂದಿರುಗುತ್ತದೆ.

ಇಲ್ಲೊಂದು ಎಚ್ಚರ. ಅಣುಗಳು ದೂರ ಸರಿಯುವುದೇ ಕರಗುವಿಕೆಯೆಂದು ಕೆಲವು ಮಾರ್ಗದರ್ಶಿಗಳು ಬರೆಯುತ್ತವೆ. ನೀರಿನ ಮಟ್ಟಿಗೆ ಅದು ಸಲ್ಲದು. ಮಂಜುಗಡ್ಡೆ ನೀರಿನಲ್ಲಿ ತೇಲುತ್ತದೆ. ಎಂದರೆ ಕರಗಿದ ಮೇಲೆ ಅಣುಗಳು ಒಟ್ಟಿನಲ್ಲಿ ಇನ್ನಷ್ಟು ಒತ್ತಾಗಿವೆ. ಬದಲಾದದ್ದು ಹಿಡಿತ. ಪದಗಳ ವಿಷಯದಲ್ಲಿಯೂ ಹೆತ್ತವರು ಗಮನವಿಡುವುದು ಲೇಸು: ಒಂದು ಪುಸ್ತಕದ 'ತಾಪ' ಇನ್ನೊಂದರಲ್ಲಿ 'ಉಷ್ಣತೆ'. 'ಉಷ್ಣ'ಕ್ಕೂ 'ಉಷ್ಣತೆ'ಗೂ ನಡುವೆ ಇರುವುದು ಒಂದೇ ಅಕ್ಷರ. ಮಕ್ಕಳು ಜಾರುವುದು ಅಲ್ಲಿಯೇ.

ಕುದಿಯುವಿಕೆಯ ಲೆಕ್ಕ ಇನ್ನೂ ದೊಡ್ಡದು. ಒಂದು ಕಿಲೋಗ್ರಾಂ ಮಂಜುಗಡ್ಡೆಯನ್ನು ಕರಗಿಸಲು 334 ಕಿಲೋಜೂಲ್ ಬೇಕು. ಅಷ್ಟೇ ನೀರನ್ನು 30 ಡಿಗ್ರಿ ಸೆಲ್ಸಿಯಸ್‌ನಿಂದ 100ಕ್ಕೆ ತರಲು ಸುಮಾರು 293 ಕಿಲೋಜೂಲ್ ಸಾಕು. ಆದರೆ 100 ಡಿಗ್ರಿಯಲ್ಲಿರುವ ಆ ನೀರನ್ನು ಪೂರ್ತಿ ಆವಿಯಾಗಿಸಲು 2257 ಕಿಲೋಜೂಲ್! ಅದರಲ್ಲಿ ಅಲ್ಪಾಂಶ ಸುತ್ತಲಿನ ಗಾಳಿಯನ್ನು ಹಿಂದಕ್ಕೆ ತಳ್ಳುವುದಕ್ಕೆ ಹೋಗುತ್ತದೆ. ಮಿಕ್ಕದ್ದೆಲ್ಲ ಅಣುಗಳನ್ನು ಪರಸ್ಪರ ಬಿಡಿಸುವ ಖರ್ಚು. ಕುಚ್ಚಲಕ್ಕಿಯ ಗಂಜಿ ಒಮ್ಮೆ ಕುದಿಯತೊಡಗಿದ ಬಳಿಕ ಒಲೆಗೆ ಇನ್ನಷ್ಟು ಸೌದೆ ಒಟ್ಟಿದರೆ ಅನ್ನ ಬೇಗ ಬೇಯುವುದಿಲ್ಲ. ನೀರು 100 ಡಿಗ್ರಿಯನ್ನು ಮೀರದು; ಸೌದೆ ಮಾತ್ರ ಆವಿಯಾಗಿ ಮಾಡಿಗೆ ಏರುತ್ತದೆ. ಉದಕಮಂಡಲದಂಥ ಎತ್ತರದಲ್ಲಿ, ಸುಮಾರು 2240 ಮೀಟರಿನಲ್ಲಿ, ವಾಯುಭಾರ ಕಡಿಮೆಯಾಗಿ ನೀರು 93 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುವುದರಿಂದ ನೀಲಗಿರಿಯ ಅಡುಗೆಮನೆಗಳಲ್ಲಿ ಬೇಳೆ ಬೇಯುವುದು ತಡ. ಪ್ರೆಶರ್ ಕುಕ್ಕರ್ ಮಾಡುವ ಉಪಕಾರ ಇದರ ವಿರುದ್ಧ ದಿಕ್ಕಿನದು.

ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್ ಬ್ಲ್ಯಾಕನ ವಿಶ್ವವಿದ್ಯಾನಿಲಯದಲ್ಲಿಯೇ ಉಪಕರಣ ತಯಾರಕನಾಗಿದ್ದನು. ಉಗಿಯು ತನ್ನ ತೂಕದ ಸುಮಾರು ಆರು ಪಟ್ಟು ತಣ್ಣೀರನ್ನು ಕುದಿಬಿಂದುವಿಗೆ ತರಬಲ್ಲುದೆಂದು ಕಂಡು ಅವನು ಬೆರಗಾದನು. ಕೊಟ್ಟಿಗೆಯನ್ನೋ ಇಡ್ಲಿಯನ್ನೋ ಬೇಯಿಸುವ ಪಾತ್ರೆಯ ಮುಚ್ಚಳ ತೆರೆಯುವ ಮಕ್ಕಳಿಗೆ ಈ ಬೆರಗು ಮೊದಲೇ ತಿಳಿದಿರಬೇಕು. ಒಂದು ಗ್ರಾಂ ಕುದಿನೀರು ಚರ್ಮದ ಮೇಲೆ ಬಿದ್ದು ಮೈಯ ತಾಪಕ್ಕೆ ಇಳಿಯುವಾಗ ಸುಮಾರು 260 ಜೂಲ್ ಬಿಡುತ್ತದೆ. ಅದೇ 100 ಡಿಗ್ರಿಯ ಒಂದು ಗ್ರಾಂ ಹಬೆ ಮೊದಲು ನೀರಾಗಿ, ಆಮೇಲೆ ತಣಿಯುವುದರಿಂದ, ಬಿಡುವುದು 2500 ಜೂಲಿಗಿಂತ ಹೆಚ್ಚು. ಮುಚ್ಚಳವನ್ನು ಮುಖದ ಕಡೆಗಲ್ಲ, ಆಚೆ ಕಡೆಗೆ ಓರೆಮಾಡಿ ತೆರೆಯಬೇಕು.

ಬ್ಲ್ಯಾಕನ ಪ್ರಯೋಗಕ್ಕೆ ಶಾಲೆಯ ತಾಪಮಾಪಕ ಮತ್ತು ಎರಡು ಸ್ಟೀಲ್ ಲೋಟಗಳು ಸಾಕು. ಒಂದರಲ್ಲಿ ಮಂಜುಗಡ್ಡೆ, ಇನ್ನೊಂದರಲ್ಲಿ ಮಂಜುಗಡ್ಡೆಯಿಂದ ಆಗತಾನೆ ಸೋಸಿದ ಸಮತೂಕದ ನೀರು. ಎರಡೂ 5 ಡಿಗ್ರಿ ಸೆಲ್ಸಿಯಸ್‌ಗೆ ಬರುವ ಹೊತ್ತನ್ನು ಗುರುತಿಸಬೇಕು. ಲೆಕ್ಕದಂತೆ ಮಂಜುಗಡ್ಡೆಗೆ ಸುಮಾರು 17 ಪಟ್ಟು ಕಾಲ ಬೇಕು. ಲೋಟದ ಹೊರಮೈಯಲ್ಲಿ ಮೂಡುವ ಹನಿಗಳನ್ನೂ ಮಕ್ಕಳು ಬರೆದಿಟ್ಟುಕೊಳ್ಳಲಿ. ಗಾಳಿಯ ಆವಿ ಅಲ್ಲಿ ನೀರಾಗುತ್ತ ತನ್ನ ಶಕ್ತಿಯನ್ನು ಲೋಟಕ್ಕೆ ಒಪ್ಪಿಸುತ್ತದೆ. ಅಂಥ ಒಂದು ಗ್ರಾಂ ಹನಿ ಸುಮಾರು ಏಳು ಗ್ರಾಂ ಮಂಜುಗಡ್ಡೆಯನ್ನು ಕರಗಿಸಬಲ್ಲುದು. ಕೋಣೆಯ ತಾಪ ಒಂದೇ ಆಗಿದ್ದರೂ ಕಾಸರಗೋಡಿನ ಕಡಲ ತೇವದಲ್ಲಿ ಗಡ್ಡೆ ಬೇಗ ಕರಗೀತು, ಸೊಲ್ಲಾಪುರದ ಒಣ ಬೇಸಗೆಯಲ್ಲಿ ತುಸು ತಡೆದೀತು.