ಪಾಸ್ಟರಮ್ಮನಿಗೆ ರಜೆ ಯಾವಾಗ?

ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಷ್ಟರೊಳಗೆ ಒಂದು ಸಂಸಾರದ ಮಾನ ಹರಾಜು ಹಾಕಬಹುದು ಎಂದು ನನಗೆ ಗೊತ್ತಾದದ್ದು ಕಳೆದ ಸೆಪ್ಟೆಂಬರ್ 8ರಂದು. ಅಂದು ಹರಿಹರದಲ್ಲಿ ಆರೋಗ್ಯ ಮಾತೆಯ ಹಬ್ಬ. ಅಲ್ಲಿಗೆ ಕ್ರೈಸ್ತರಷ್ಟೇ ಅಲ್ಲ, ಹರಕೆ ಹೊತ್ತ ಎಲ್ಲ ಜಾತಿಯ ಹೆಂಗಸರೂ ಹೋಗುತ್ತಾರೆ. ನಾನೂ ಹೊರಟಿದ್ದೆ.

ಹಿಂದಿನ ಸೀಟಿನಿಂದ ಮಾತು ಕೇಳಿಸಿತು. "ನಮ್ಮ ಪಾಸ್ಟರು ಮೂರು ತಿಂಗಳು ರಜಾ ಹಾಕಿದಾರಂತೆ ಕಣ್ರಿ. ವಿಶ್ರಾಂತಿ ಬೇಕಂತೆ, ಧ್ಯಾನ ಬೇಕಂತೆ. ದೇವರ ಕೆಲಸಕ್ಕೂ ಸುಸ್ತಾಗುತ್ತಾ?"

ಆಗುತ್ತದೆ ತಾಯಿ, ಆಗುತ್ತದೆ. ನಾನು ಆ ಮನೆಯ ನೆರೆಯವಳು. ಸಾವಿನ ಮನೆಯಿಂದ ನೇರವಾಗಿ ಮದುವೆಯ ಮನೆಗೆ, ಅಲ್ಲಿಂದ ಆಸ್ಪತ್ರೆಗೆ, ನಡುರಾತ್ರಿ ಗಂಡ ಹೆಂಡಿರ ಜಗಳ ಬಿಡಿಸಲಿಕ್ಕೆ... ಒಂದೇ ದಿನದಲ್ಲಿ ಆ ಮನುಷ್ಯ ಎಷ್ಟು ಮುಖ ಹೊರಬೇಕು! ಅವರು ರಜೆ ಕೇಳಿದ್ದರಲ್ಲಿ ತಪ್ಪೇನಿದೆ? ಕಥೋಲಿಕರ 1983ರ ಧರ್ಮಸಭೆಯ ಕಾನೂನಿನಲ್ಲಿ ಚರ್ಚಿನ ಗುರುಗಳಿಗೆ ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ಉಂಟು. ಧ್ಯಾನಕೂಟದ ದಿನಗಳು ಆ ಲೆಕ್ಕಕ್ಕೆ ಸೇರುವುದೂ ಇಲ್ಲ. ನಮ್ಮ ಸ್ವಾಮಿಗಳು ಚಾತುರ್ಮಾಸ್ಯವೆಂದು ತಿರುಗಾಟ ಬಿಟ್ಟು ಒಂದೇ ಕಡೆ ಕೂರುವುದಿಲ್ಲವೇ? ಅಷ್ಟೇಕೆ, ನಮ್ಮ ಹಳ್ಳಿಗಳಲ್ಲಿ ಸೋಮವಾರ ಬಸವಣ್ಣನ ವಾರವೆಂದು ಎತ್ತಿನ ಹೆಗಲಿಗೆ ನೊಗ ಹಾಕುವುದಿಲ್ಲ. ಎತ್ತಿಗೆ ಒಪ್ಪುವ ನ್ಯಾಯ ಪಾಸ್ಟರಿಗೆ ಒಪ್ಪದೇ?

ಆದ್ದರಿಂದ ನನ್ನ ಜಗಳ ಅವರ ರಜೆಯ ಮೇಲಲ್ಲ. ಆ ರಜೆ ಒಬ್ಬರಿಗೇ ಮುಗಿದುಹೋಯಿತಲ್ಲ, ಅದರ ಮೇಲೆ.

ಕಥೋಲಿಕ ಗುರುಗಳಿಗೆ ಸಂಸಾರವಿಲ್ಲ. ಪಾಸ್ಟರಿಗೆ ಇದೆ. ನಾವೆಲ್ಲ 'ಪಾಸ್ಟರಮ್ಮ' ಎಂದು ಕರೆಯುವ ಆ ಹೆಂಗಸಿಗೆ ಸಂಬಳವಿಲ್ಲ, ನೇಮಕದ ಕಾಗದವಿಲ್ಲ. ಕೆಲಸ ಮಾತ್ರ ಉಂಟು. ಭಾನುವಾರ ಮಕ್ಕಳ ಪಾಠ, ವಾರದ ನಡುವೆ ಸ್ತ್ರೀಸಮಾಜ, ಹೇಳದೆ ಕೇಳದೆ ಬಂದವರಿಗೆಲ್ಲ ಟೀ. ಯಜಮಾನರು ರಜೆಗೆ ಹೊರಟರು. ಭಾನುವಾರದ ಆರಾಧನೆಗೆ ಹೊರಗಿನಿಂದ ಬೋಧಕರು ಬಂದರು. ಅವರಿಗೆ ಊಟ ಬಡಿಸಿದವರು ಯಾರು? ವಾರದ ಉಳಿದ ಆರು ದಿನ ಬಾಗಿಲು ತಟ್ಟಿದವರಿಗೆ ಉತ್ತರ ಹೇಳಿದವರು ಯಾರು? ಅವರೇ. ಗಂಡ ವಿಶ್ರಾಂತಿಗೆ ಹೋದ ಮೂರು ತಿಂಗಳು ಹೆಂಡತಿಗೆ ಕೆಲಸ ಎರಡರಷ್ಟಾಯಿತು!

ಬೇರೆಯವರನ್ನು ದೂರುವ ಮೊದಲು ನನ್ನದನ್ನೂ ಹೇಳಿಬಿಡುತ್ತೇನೆ. ಆ ಆಗಸ್ಟಿನಲ್ಲಿ ನಮ್ಮ ಅತ್ತೆಗೆ ಎದೆನೋವು ಬಂದ ರಾತ್ರಿ ನಾನು ಓಡಿದ್ದು ಅದೇ ಬಾಗಿಲಿಗೆ. ಆಕೆ ಸೆರಗು ಸರಿಪಡಿಸಿಕೊಳ್ಳುತ್ತಾ ಆಟೋ ಹತ್ತಿದರು, ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಿನವರೆಗೆ ಕೂತರು. ಅಲ್ಲಿ ನರ್ಸಮ್ಮ ಸುಮ್ಮನೆ ಅವರ ಬಿಪಿಯನ್ನೂ ನೋಡಿ, "ಮೊದಲು ನೀವು ತೋರಿಸಿಕೊಳ್ಳಿ" ಎಂದು ಗದರಿಸಿದಳು. "ಇವರು ಬಂದ ಮೇಲೆ ನೋಡೋಣ" ಎಂದು ಪಾಸ್ಟರಮ್ಮ ನಕ್ಕರು. ಆ ನಗು ನಮಗೆ ಹೊಸದೇ? ನಾವೂ ದಿನಾ ನಗುವ ನಗುವೇ ಅದು.

ಸಬ್ಬತ್ತಿನ ಆಜ್ಞೆಯಲ್ಲಿ ಒಂದು ಪಟ್ಟಿ ಇದೆ. ಏಳನೆಯ ದಿನ ಯಾರ್‍ಯಾರು ದುಡಿಯಬಾರದು? ನೀನು, ಮಗ, ಮಗಳು, ಆಳು, ದಾಸಿ, ದನಕರು, ಊರಿಗೆ ಬಂದ ಪರದೇಶಿ. ಹೆಂಡತಿಯ ಹೆಸರಿಲ್ಲ! 'ನೀನು' ಎಂಬುದರಲ್ಲೇ ಅವಳೂ ಸೇರಿದ್ದಾಳೆ ಎಂದು ತಿಳಿದವರು ಸಮಾಧಾನ ಹೇಳುತ್ತಾರೆ. ಇರಬಹುದು. ನಮ್ಮನ್ನೂ ಎಲ್ಲ ಮನೆಗಳಲ್ಲಿ ಹೀಗೆಯೇ ಸೇರಿಸಿಕೊಂಡಿದ್ದಾರೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಹೇಳಿತು: ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕುವವರಲ್ಲಿ ಹೆಂಗಸಿಗೆ ದಿನಕ್ಕೆ 299 ನಿಮಿಷ, ಗಂಡಸಿಗೆ 97 ನಿಮಿಷ. ಆ 299ರಲ್ಲಿ ಸೋಮವಾರವೂ ಇಲ್ಲ, ಭಾನುವಾರವೂ ಇಲ್ಲ.

ಬರೀ ಮರುಗಿದರೆ ಸಾಲದು. ಮುಂದಿನ ಸಲ ರಜೆ ಮಂಜೂರು ಮಾಡುವಾಗ ಚರ್ಚಿನ ಕಮಿಟಿಯವರು ಕಾಗದದಲ್ಲಿ ಎರಡು ಹೆಸರು ಬರೆಯಲಿ. ಬೋಧಕರ ಊಟ ಕಮಿಟಿಯವರ ಮನೆಗಳಲ್ಲಿ ಸರದಿಯಂತೆ ನಡೆಯಲಿ. ಮಕ್ಕಳ ಪಾಠಕ್ಕೆ ಬೇರೊಬ್ಬರನ್ನು ಗೊತ್ತುಮಾಡಲಿ. ಕಷ್ಟ ಹೇಳಿಕೊಳ್ಳುವವರು ಯಾರ ಬಾಗಿಲು ತಟ್ಟಬೇಕೆಂದು ನೋಟೀಸು ಹಾಕಲಿ. ಅವರಿಗಿಂತ ಮೊದಲು, "ಪಾಸ್ಟರಮ್ಮ ಇದ್ದಾರಲ್ಲ" ಎನ್ನುವುದನ್ನು ನಾವು ಹೆಂಗಸರು ಬಿಡಬೇಕು. ಆ ಮಾತು ಹೆಚ್ಚಾಗಿ ಬರುವುದು ನಮ್ಮ ಬಾಯಿಂದಲೇ.

ಪಾಸ್ಟರು ಮರಳಿ ಬಂದಾಯಿತು. ಮುಖದಲ್ಲಿ ಕಳೆ ಬಂದಿದೆ, ಪ್ರಸಂಗದಲ್ಲಿ ಕಸುವು ಬಂದಿದೆಯಂತೆ. ಸಂತೋಷ. ಮೊನ್ನೆ ಪಾಸ್ಟರಮ್ಮನನ್ನು ಕಾಂಪೌಂಡಿನಾಚೆಯಿಂದ ಕೇಳಿದೆ, "ಡಾಕ್ಟರಿಗೆ ತೋರಿಸಿದಿರಾ?"

"ಕ್ರಿಸ್‌ಮಸ್ ಮುಗೀಲಿ" ಎಂದರು.