ಸೈಕಲ್ ಹತ್ತಿ, ಕೆಜಿಎಫ್ ಓದಿ



ರಜೆ ಬಂತು ಅಂದ್ರೆ ಹಾಸ್ಟೆಲ್ ಹುಡುಗರ ಮುಂದೆ ಎರಡೇ ದಾರಿ. ಊರಿಗೆ ಹೋಗಿ ಕೂಲಿಗೆ ನಿಲ್ಲೋದು, ಇಲ್ಲವೇ ಖಾಲಿ ರೂಮಿನಲ್ಲಿ ಸೂರು ನೋಡ್ತಾ ಬಿದ್ದಿರೋದು. ಟೂರು, ಪ್ರವಾಸ ಅನ್ನೋದೆಲ್ಲ ಕಾಸಿದ್ದವರ ಮಾತು ಅಂತ ನಾವೂ ನಂಬಿಬಿಟ್ಟಿದ್ದೆವು. ಈ ಸಲ ಆ ನಂಬಿಕೆಯನ್ನು ಮುರಿಯೋಣ ಅಂತ ಐದು ಜನ ಸೈಕಲ್ ಹತ್ತಿದೆವು. ಕೋಲಾರದಿಂದ ಬಂಗಾರಪೇಟೆ, ಅಲ್ಲಿಂದ ಕೆಜಿಎಫ್, ಬೇತಮಂಗಲ, ಮುಳಬಾಗಿಲು ಸುತ್ತಿ ಮತ್ತೆ ಕೋಲಾರ. ಎರಡು ಹಗಲು, ಒಂದು ರಾತ್ರಿ.

ಐದರಲ್ಲಿ ಮೂರು ಸೈಕಲ್ಲು ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟಿದ್ದವು. 2006-07ರಲ್ಲಿ ಶುರುವಾದ ಆ ಯೋಜನೆಯ ಸೈಕಲ್ಲುಗಳು ಎಷ್ಟೋ ಮನೆಗಳಲ್ಲಿ ತುಕ್ಕು ಹಿಡಿದು ಗೋಡೆಗೊರಗಿವೆ. ನಾವು ಚೈನಿಗೆ ಎಣ್ಣೆ ಬಿಟ್ಟು, ಬ್ರೇಕ್ ಬಿಗಿ ಮಾಡಿಸಿ, ಎರಡು ಟ್ಯೂಬು, ಒಂದು ಪಂಪು, ಒಂದು ನೋಟ್‌ಬುಕ್ಕು ಕ್ಯಾರಿಯರ್‌ಗೆ ಕಟ್ಟಿಕೊಂಡೆವು. ಖರ್ಚಾಗಿದ್ದು ಟೀ, ಬನ್ನು, ಪಂಕ್ಚರಿಗೆ.

ಸೈಕಲ್ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ನಮ್ಮಲ್ಲೊಬ್ಬನ ತಾತ ತನ್ನದೇ ಊರಿನಲ್ಲಿ ಮೇಲಿನವರ ಬೀದಿ ಬಂದ ಕೂಡಲೇ ಸೈಕಲ್ ಇಳಿದು, ಚಪ್ಪಲಿ ಕೈಗೆ ತಗೊಂಡು, ತಳ್ಳಿಕೊಂಡು ಹೋಗಬೇಕಿತ್ತು. ಬೀದಿ ದಾಟಿದ ಮೇಲೇ ಮತ್ತೆ ಹತ್ತಬೇಕು. ಇದು ಆ ಒಂದು ಊರಿನ ಕಥೆ ಅಲ್ಲ ಅಂತ ಓದುವ ನಿಮಗೂ ಗೊತ್ತು. ನಾವೂ ಈ ದಾರಿಯಲ್ಲಿ ಹತ್ತಾರು ಸಲ ಇಳಿದೆವು. ಇಳಿದದ್ದು ದಿಬ್ಬ ಏರಲಾರದೆ, ಇಲ್ಲವೇ ಯಾರನ್ನಾದರೂ ಮಾತಾಡಿಸೋಕೆ. ಯಾವ ಬೀದಿಗೂ ಹೆದರಿ ಇಳಿಯಲಿಲ್ಲ.

ಕೋಲಾರ ಬಿಟ್ಟರೆ ಅಂತರಗಂಗೆ ಬೆಟ್ಟ ಬೆನ್ನ ಹಿಂದೆ. ಎಲ್ಲಿ ನೋಡಿದರೂ ಉಂಡೆ ಉಂಡೆ ಬಂಡೆ ಪೇರಿಸಿಟ್ಟಂಥ ಗುಡ್ಡಗಳು, ಬತ್ತಿದ ಕೆರೆಗಳು, ನೀಲಗಿರಿ ತೋಪುಗಳು. ಬಸ್ಸಿನಲ್ಲಿ ಕೂತಾಗ ಈ ನೆಲ ಚಪ್ಪಟೆ ಅಂತ ಅನ್ನಿಸಿತ್ತು. ಪೆಡಲ್ ತುಳಿಯುವ ಕಾಲಿಗೆ ನಿಜ ಗೊತ್ತಾಗುತ್ತೆ. ಒಂದೊಂದು ಏರೂ ಮೊಣಕಾಲಿನಲ್ಲಿ ಬರೆದುಕೊಳ್ಳುತ್ತೆ.

ರೈಲು ಹಳಿಯ ವಿಷಯವೂ ಹಾಗೇ. ಬೆಂಗಳೂರಿಗೆ ಜೋಲಾರಪೇಟೆ ಕಡೆಯಿಂದ ರೈಲು ಬಂದದ್ದು 1864ರಲ್ಲಿ. ಆ ದಾರಿಯ ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತ ಹೆಸರು, ಬ್ರಿಟಿಷ್ ಕಮಿಷನರೊಬ್ಬನ ಹೆಸರು. ಅಲ್ಲಿಂದ ಚಿನ್ನದ ಗಣಿಗೆ ಹತ್ತು ಮೈಲಿ ಹಳಿ ಹಾಕಿ 1894ರಲ್ಲೇ ರೈಲು ಓಡಿಸಿದರು. ಜಿಲ್ಲೆಯ ಮುಖ್ಯ ಪಟ್ಟಣ ಕೋಲಾರಕ್ಕೆ ರೈಲು ಬಂದದ್ದು 1913ರಲ್ಲಿ. ಅದೂ ಎರಡೂವರೆ ಅಡಿ ಅಗಲದ ಪುಟ್ಟ ಹಳಿಯ ಮೇಲೆ. ಕೋಲಾರದಿಂದ ಚಿಕ್ಕಬಳ್ಳಾಪುರದ ಕಡೆಗಿನ ಆ ಪುಟ್ಟ ಹಳಿ ದೊಡ್ಡದಾಗಿ ಮತ್ತೆ ರೈಲು ಓಡುವ ಹೊತ್ತಿಗೆ 2013 ಆಗಿತ್ತು. ಕರೆಂಟೂ ಹಾಗೇ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಗಣಿಗೆ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ.

ಸರಕಾರಿ ಪುಸ್ತಕದಲ್ಲಿ ಇವೆಲ್ಲ 'ಅಭಿವೃದ್ಧಿ' ಅನ್ನೋ ಒಂದೇ ಪದದ ಕೆಳಗೆ ಬರುತ್ತವೆ. ಆದರೆ ಈ ಇಸವಿಗಳನ್ನು ಪಕ್ಕಪಕ್ಕ ಬರೆದು ನೋಡಿ. ಹಳಿ, ತಂತಿ ಎರಡೂ ಮೊದಲು ಹೋಗಿದ್ದು ಚಿನ್ನದ ಹತ್ತಿರ. ಜನರ ಸರದಿ ಆಮೇಲೆ. ಯಾರಿಗಾಗಿ ಹಾಕಿದರು ಅಂತ ಹಳಿಯನ್ನೇ ಕೇಳಿದರೆ ಅದೇ ಹೇಳುತ್ತೆ.

ಮಧ್ಯಾಹ್ನ ಕೆಜಿಎಫ್ ಸೇರಿದೆವು. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಊರಿನ ಹೆಸರುಗಳಲ್ಲೇ ಅರ್ಧ ದೊರೆಗಳದ್ದು. ಇಲ್ಲಿಗೆ ಬರೋ ಪ್ರವಾಸಿಗರು 'ಲಿಟಲ್ ಇಂಗ್ಲೆಂಡ್' ಅಂತ ಬಂಗಲೆ, ಕ್ಲಬ್ಬು, ಚರ್ಚಿನ ಫೋಟೊ ತೆಗೆದುಕೊಂಡು ಹೋಗುತ್ತಾರೆ. ನಾವು ಸೈಕಲ್ ತಿರುಗಿಸಿದ್ದು ಲೈನ್ ಮನೆಗಳ ಕಡೆಗೆ. ಸಾಲು ಸಾಲು ಗೂಡು, ಬಗ್ಗಿ ಒಳಗೆ ಹೋಗೋ ಬಾಗಿಲು. ರಾತ್ರಿ ಅಂಥದ್ದೇ ಒಂದು ಮನೆಯಲ್ಲಿ, ನಮ್ಮ ಗೆಳೆಯನ ಮನೆಯಲ್ಲಿ, ಐದೂ ಜನ ಮೈಗೆ ಮೈ ತಾಗಿಸಿ ಮಲಗಿದೆವು. ಅವರಮ್ಮ ಸಾರು ಬಡಿಸುತ್ತಾ, ತಿನ್ನಿ ಕಣ್ರಪ್ಪಾ, ಇನ್ನೂ ಐತೆ ಅಂದರು. ಪಾತ್ರೆಯಲ್ಲಿ ಇರಲಿಲ್ಲ ಅಂತ ನಮಗೆಲ್ಲ ಕಾಣ್ತಿತ್ತು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಇಂಗ್ಲಿಷ್ ಕಂಪನಿ ಬಂದಲ್ಲಿಂದ ಹಿಡಿದು 2001ರಲ್ಲಿ ಬಾಗಿಲು ಮುಚ್ಚುವವರೆಗೆ ಈ ನೆಲದಿಂದ ಸುಮಾರು 800 ಟನ್ ಚಿನ್ನ ಹೋಗಿದೆ. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರ್. ಅಂದ್ರೆ ಸಮದಾರಿಯಲ್ಲಿ ಸೈಕಲ್ಲಿಗೆ ಹತ್ತು ಹನ್ನೆರಡು ನಿಮಿಷದ ದೂರ, ನೆಟ್ಟಗೆ ಭೂಮಿಯೊಳಕ್ಕೆ. ಅಷ್ಟು ಕೆಳಗೆ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಮೇಲಿನ ಭಾರಕ್ಕೆ ಬಂಡೆ ತಾನಾಗೇ ಸಿಡಿಯುತ್ತಿತ್ತು. ಕಲ್ಲಿನ ದೂಳು ಎದೆಯಲ್ಲಿ ಕೂತು ಸಿಲಿಕೋಸಿಸ್ ಆಗುತ್ತಿತ್ತು. ಅಲ್ಲಿಗೆ ಇಳಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ದಲಿತರು. ಹಳ್ಳಿಯಲ್ಲಿ ಗೌಡನ ಜೀತಕ್ಕಿಂತ ಗಣಿಯ ಕತ್ತಲೇ ವಾಸಿ ಅಂತ ಬಂದವರು.

ಅವರು ಬರೀ ಸತ್ತವರಲ್ಲ, ಸುಮ್ಮನಿದ್ದವರೂ ಅಲ್ಲ. ಕಳ್ಳರ ಹಂಗೆ ಬೆರಳಚ್ಚು ಕೊಡಲ್ಲ ಅಂತ 1930ರಲ್ಲಿ ಸಾವಿರಾರು ಜನ ಮುಷ್ಕರ ಮಾಡಿದರು. 1946ರ ಮುಷ್ಕರದಲ್ಲಿ ಪೊಲೀಸರ ಗುಂಡಿಗೆ ಎದೆ ಕೊಟ್ಟರು. ಇನ್ನೊಂದು ಸಂಗತಿ ನಮ್ಮಂಥ ಪತ್ರಿಕೆಯವರು ಬರೆದಿಟ್ಟುಕೊಳ್ಳಬೇಕು. ಅಯೋತಿ ದಾಸರು 1907ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ್ದ 'ತಮಿಳನ್' ಪತ್ರಿಕೆ ಅವರ ನಂತರ ನಿಂತುಹೋಗಿತ್ತು. ಅದು 1926ರಲ್ಲಿ ಮತ್ತೆ ಹೊರಟದ್ದು ಕೆಜಿಎಫ್‌ನಿಂದ. ಹಗಲಿಡೀ ಕಲ್ಲು ಒಡೆದ ಜನ ಕಾಸು ಕೂಡಿಸಿ ಓದಿದರು, ವಾದ ಮಾಡಿದರು, ಬುದ್ಧನ ಮಾತು ಕೇಳಿದರು. ನಮಗೆ ಇದನ್ನು ಯಾವ ಕ್ಲಾಸಿನಲ್ಲೂ ಯಾರೂ ಹೇಳಲಿಲ್ಲ. ಬಿಎ ಇತಿಹಾಸ ಮುಗಿಸಿದವರು ನಾವು!

ಬೆಳಗ್ಗೆ ನಾಲ್ಕಕ್ಕೇ ಲೈನ್ ಮನೆಗಳಲ್ಲಿ ದೀಪ ಹತ್ತಿತು. ಗಣಿ ಮುಚ್ಚಿದ ಮೇಲೆ ಇಲ್ಲಿಂದ ದಿನಾ ಸಾವಿರಾರು ಜನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಅಂಗಡಿ, ಆಫೀಸು. ರಾತ್ರಿ ವಾಪಸ್ಸು. ಚಿನ್ನ ಸಾಗಿಸೋಕೆ ಹಾಕಿದ ಹಳಿ ಈಗ ಗಣಿಯವರ ಮೊಮ್ಮಕ್ಕಳನ್ನು ಸಾಗಿಸ್ತಾ ಇದೆ. ಸೈಕಲ್ ಹಿಡಿದು ಸ್ಟೇಷನ್ ಹೊರಗೆ ನಿಂತು ನೋಡಿದೆವು. ನಮ್ಮ ವಯಸ್ಸಿನವರೇ ಎಲ್ಲಾ.

ಆಮೇಲೆ ಸೈನೈಡ್ ದಿಬ್ಬಗಳ ಕಡೆ ತುಳಿದೆವು. ದೂರಕ್ಕೆ ಗುಡ್ಡದ ಹಾಗೇ ಕಾಣುತ್ತವೆ. ಹತ್ತಿರ ಹೋದರೆ ಹುಲ್ಲಿಲ್ಲ, ಬಂಡೆಯಿಲ್ಲ, ಬರೀ ಪುಡಿ. ಕಲ್ಲು ಅರೆದು, ಸೈನೈಡಿನಲ್ಲಿ ಚಿನ್ನ ತೊಳೆದು ಬಿಸಾಕಿದ ಮಣ್ಣು, ಮೂರು ಕೋಟಿ ಟನ್ನಿಗೂ ಹೆಚ್ಚು. ಗಾಳಿ ಬೀಸಿದರೆ ಕಣ್ಣು ಬಿಡೋಕಾಗಲ್ಲ. ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಮನುಷ್ಯರು ಹೊತ್ತು ಮಾಡಿದ ಗುಡ್ಡ ಇವು. ದಿಬ್ಬದ ಬುಡದಲ್ಲಿ ಕೂತಿದ್ದ ಒಬ್ಬ ಅಜ್ಜನನ್ನು, ತಾತಾ, ನೀವು ಕೆಳಗೆ ಕೆಲಸ ಮಾಡಿದ್ರಾ ಅಂತ ಕೇಳಿದೆವು. ನಕ್ಕರು, ಕೆಮ್ಮಿದರು. "ತಂಬಿ, ಎಲ್ರೂ ಮೇಲೆ ನೋಡೋಕೆ ಬರ್ತಾರೆ. ನಂದೆಲ್ಲ ಕೆಳಗೈತೆ" ಅಂದರು. ಅರ್ಧ ಗಂಟೆ ಮಾತಾಡಿದರು. ನೋಟ್‌ಬುಕ್ಕಿನ ಆರು ಪುಟ ತುಂಬಿತು. ಕೆಮ್ಮು ಬಂದಾಗೆಲ್ಲ ನಮ್ಮ ಪೆನ್ನು ನಿಲ್ಲುತ್ತಿತ್ತು.

ಈಗ ಅಸಲು ವಿಷಯಕ್ಕೆ ಬರೋಣ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ 13 ದಿಬ್ಬಗಳಿರುವ ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಮತ್ತೆ ಗಣಿಗಾರಿಕೆಗೆ ಒಪ್ಪಿಗೆ ಕೊಟ್ಟಿತು. ಬಿಸಾಕಿದ ಮಣ್ಣಿನಲ್ಲಿ ಉಳಿದ ಚಿನ್ನ ತೆಗೀಬೇಕಂತೆ. ತೆಗೆಯಲಿ. ಆದರೆ ದೂಳು ಯಾರ ಎದೆಗೆ? ಕೆಲಸ ಯಾರಿಗೆ? ಲಾಭದಲ್ಲಿ ಲೈನ್ ಮನೆಗೆ ಪಾಲೆಷ್ಟು? ಈ ಪ್ರಶ್ನೆ ಕೇಳಬೇಕಾದರೆ ಹಿಂದೆ ಏನಾಯ್ತು ಅಂತ ಗೊತ್ತಿರಬೇಕು. ಅದು ಗೊತ್ತಿರುವ ತಾತಂದಿರು ಒಬ್ಬೊಬ್ಬರಾಗಿ ಮಣ್ಣಿಗೆ ಹೋಗ್ತಾ ಇದ್ದಾರೆ. ಕಂಪನಿಯ ಲೆಕ್ಕದ ಪುಸ್ತಕ ಉಳಿಯುತ್ತೆ. ಅವರ ಮಾತು ಉಳಿಯಲ್ಲ. ನಾವು ಬರೆದುಕೊಂಡರೆ ಮಾತ್ರ ಉಳಿಯುತ್ತೆ.

ಅದಕ್ಕೇ ಈ ಕರೆ. ಪ್ರತಿ ಹಾಸ್ಟೆಲ್ಲಿನಿಂದ ಐದೈದು ಜನ ಹೊರಡಿ. ಹುಡುಗಿಯರ ಹಾಸ್ಟೆಲ್ಲಿನಿಂದಲೂ ಹೊರಡಿ, ಸೈಕಲ್ಲು ಅವರಿಗೂ ಕೊಟ್ಟಿದ್ದಾರೆ. ಕಾರಿನ ಗಾಜಿನೊಳಗಿಂದ ಕೇಳಿದರೆ ಯಾರೂ ಬಾಯಿ ಬಿಡಲ್ಲ. ಬೆವರು ಸುರಿಸ್ತಾ ಬಂದು ನೀರು ಕೇಳಿದವನ ಹತ್ತಿರ ಜನ ಮಾತಾಡ್ತಾರೆ. ಇದು ನಾವು ಕಂಡುಕೊಂಡ ಸತ್ಯ. ಯಾವ ಶಾಫ್ಟಿನಲ್ಲಿ ಇಳಿದರು, ಎಷ್ಟು ಕೂಲಿ, ಯಾರು ಸತ್ತರು, ಮುಚ್ಚಿದ ದಿನ ಮನೆಯಲ್ಲಿ ಏನು ಬೇಯಿಸಿದರು, ಎಲ್ಲಾ ಕೇಳಿ. ತಮಿಳಿನಲ್ಲಿ ಹೇಳಿದರೆ ತಮಿಳಿನಲ್ಲೇ, ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ ಬರೆದುಕೊಳ್ಳಿ. ಬರೆದದ್ದನ್ನು ಓದಿ ಹೇಳಿ, ಅವರು ಒಪ್ಪಿದ ಮೇಲೇ ನಮಗೆ ಕಳಿಸಿ.

ವಾಪಸ್ ಬರುವಾಗ ಮುಳಬಾಗಿಲು ದಾರಿಯ ಏರಿನಲ್ಲಿ ಒಂದು ಸೈಕಲ್ಲಿನ ಚೈನು ಕಡಿಯಿತು. ನಾಲ್ವರು ಸರದಿಯ ಮೇಲೆ ಅದನ್ನು ತಳ್ಳಿಕೊಂಡು ಬಂದೆವು. ಐದನೆಯವನು ಜೋಪಾನವಾಗಿ ಹಿಡಿದುಕೊಂಡಿದ್ದು ಆ ನೋಟ್‌ಬುಕ್ಕನ್ನು.