ಅಜ್ಜಿ ಇರುವಾಗಲೇ ಬರೆದುಕೊಳ್ಳಬೇಕಾದ ಕನ್ನಡ

1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಮತ್ತು ಕಲಬುರಗಿ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು. ಜನ ಇದ್ದಲ್ಲೇ ಇದ್ದರು. ಅವರ ಕನ್ನಡ ಮಾತ್ರ ಅಂದಿನಿಂದ ಯಾರ ಹೊಣೆಯೂ ಅಲ್ಲವಾಯಿತು.

ಅನಾದರ ಅದಕ್ಕಿಂತಲೂ ಹಳೆಯದು. ಗ್ರಿಯರ್‌ಸನ್ನರ ಭಾರತೀಯ ಭಾಷಾ ಸಮೀಕ್ಷೆ ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ಹೊರಗಿಟ್ಟೇ ನಡೆಯಿತು. ಸ್ವಾತಂತ್ರ್ಯದ ನಂತರ ಪುಣೆಯ ಡೆಕ್ಕನ್ ಕಾಲೇಜು ಕನ್ನಡದ ಒಳನುಡಿಗಳನ್ನು ಕುರಿತು ಪುಸ್ತಕ ತಂದಾಗ ಕಲಬುರಗಿ, ನಂಜನಗೂಡುಗಳ ಸರದಿ ಬಂತು, ತಾಂಡೂರಿನದು ಬರಲಿಲ್ಲ.

ನಷ್ಟ ಎಷ್ಟೆಂದು ತಿಳಿಯಲು ಸಾಂಗ್ಲಿ ಜಿಲ್ಲೆಯ ಕುಪವಾಡವನ್ನು ನೋಡಬೇಕು. ಅಲ್ಲಿನ ಕನ್ನಡ, ಮರಾಠಿ, ಉರ್ದುಗಳು ಶಬ್ದಗಳನ್ನು ಬೇರೆಬೇರೆಯಾಗಿ ಉಳಿಸಿಕೊಂಡೂ ವಾಕ್ಯರಚನೆಯಲ್ಲಿ ಒಂದಕ್ಕೊಂದು ಹತ್ತಿರವಾದದ್ದನ್ನು ಭಾಷಾವಿಜ್ಞಾನಿಗಳಾದ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ತೋರಿಸಿಕೊಟ್ಟರು. ಇಂದಿಗೂ ಜಗತ್ತಿನ ಭಾಷಾವಿಜ್ಞಾನದ ತರಗತಿಗಳಲ್ಲಿ ಆ ಊರಿನ ಹೆಸರು ಕೇಳಿಬರುತ್ತದೆ. ನಾರಾಯಣಖೇಡದ ಸುತ್ತ ಕನ್ನಡ, ತೆಲುಗು, ಮರಾಠಿ, ದಖನಿ, ಲಂಬಾಣಿ ಐದೂ ಕೂಡುತ್ತವೆ. ಅಶುದ್ಧವೆಂದು ಬೆಂಗಳೂರು, ಮೈಸೂರುಗಳು ನಕ್ಕ ಈ ಮಾತಿಗೆ ತನ್ನದೇ ವ್ಯಾಕರಣವಿದೆ. ಅದನ್ನು ಕಿವಿಗೊಟ್ಟು ಕೇಳಿ ಬರೆದುಕೊಳ್ಳುವವರು ಎಲ್ಲಿಂದ ಬರಬೇಕು?

ನಮ್ಮಲ್ಲಿ ಬಿ.ಎ.ಗೆ ಭಾಷಾವಿಜ್ಞಾನವನ್ನೇ ಪ್ರಧಾನ ವಿಷಯವಾಗಿ ಓದುವ ಅವಕಾಶ ಅಪರೂಪ. ಕನ್ನಡ ಓದುವವರಿಗೆ ಅದು ಬಂದರೂ ಒಂದು ಪತ್ರಿಕೆಯಾಗಿ ಬರುತ್ತದೆ. ಧ್ವನಿವ್ಯತ್ಯಾಸದ ಹೆಸರುಗಳನ್ನು ಬಾಯಿಪಾಠ ಮಾಡಿ ಪಾಸಾದರೆ ಮುಗಿಯಿತು. ಹೈದರಾಬಾದಿನ ಉಸ್ಮಾನಿಯಾದಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಕಟ್ಟಿದ ಭಾಷಾವಿಜ್ಞಾನ ವಿಭಾಗವಿದೆ, ಆದರೆ ಜಹೀರಾಬಾದಿನ ಹುಡುಗಿ ಆ ಬಾಗಿಲಿಗೆ ಹೋಗಿ ನಿಲ್ಲುವುದು ಪದವಿ ಮುಗಿದ ಮೇಲೆ. ಅವಳಿಗೆ ಹದಿನೆಂಟಾದಾಗ ಕನ್ನಡವಷ್ಟೇ ಬಲ್ಲ ಅಜ್ಜಿ ಮನೆಯಲ್ಲೇ ಇರುತ್ತಾಳೆ. ಎಂ.ಎ., ಪಿಎಚ್.ಡಿ. ದಾಟಿ ಧ್ವನಿಮುದ್ರಣ ಯಂತ್ರ ಹಿಡಿದು ಊರಿಗೆ ಮರಳುವ ಹೊತ್ತಿಗೆ ಅಜ್ಜಿ ಇರುವಳೆಂಬ ಭರವಸೆಯಿಲ್ಲ. ತಮ್ಮಂದಿರಂತೂ ತೆಲುಗು, ಇಂಗ್ಲಿಷಿನಲ್ಲಿ ಓದಿ ಬೆಳೆದಿರುತ್ತಾರೆ. ಈ ಊರುಗಳು ಈಗಿರುವ ತೆಲಂಗಾಣ ರಾಜ್ಯ 2018ರಲ್ಲಿ ಶಾಲೆಗಳಲ್ಲಿ ತೆಲುಗನ್ನು ಕಡ್ಡಾಯಗೊಳಿಸಿತು. ಅದು ಆ ರಾಜ್ಯದ ಹಕ್ಕು. ನಮ್ಮ ತಕರಾರು ನಮ್ಮವರ ಮೇಲೆಯೇ.

ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಕರ್ನಾಟಕಕ್ಕಿದೆ. ಉತ್ಸವ, ಭವನಗಳಿಗೆ ಕೊಡುವ ಹಣದಲ್ಲಿ ಒಂದು ಪಾಲು ಈ ಮೂರು ತಾಲ್ಲೂಕುಗಳ ವಿದ್ಯಾರ್ಥಿವೇತನಕ್ಕೆ ಹೋಗಲಿ. ಕಲಬುರಗಿ, ಬೀದರ್ ವಿಶ್ವವಿದ್ಯಾಲಯಗಳು ಭಾಷಾವಿಜ್ಞಾನದಲ್ಲೇ ಪೂರ್ಣ ಬಿ.ಎ. ನಡೆಸಲಿ, ಗಡಿಯಾಚೆಯ ಮಕ್ಕಳಿಗೆ ಸೀಟು ಮೀಸಲಿಡಲಿ, ಮೊದಲ ವರ್ಷದಿಂದಲೇ ಅವರನ್ನು ಸ್ವಂತ ಊರಿಗೆ ಕ್ಷೇತ್ರಕಾರ್ಯಕ್ಕೆ ಕಳಿಸಲಿ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಪಠ್ಯಕ್ರಮಕ್ಕೂ ತರಬೇತಿಗೂ ನೆರವಾಗಲಿ. ಮುಂದಿನ ವರ್ಷದ ಪ್ರವೇಶ ಪ್ರಕಟಣೆಯಲ್ಲೇ ಈ ಪದವಿಯ ಹೆಸರಿರಬೇಕು.